ಚಿಕ್ಕಮ್ಮ ಬರೆದ ನಕ್ಷೆ

ಕಳೆದ ಬೇಸಿಗೆಯಲ್ಲಿ ಚಿಕ್ಕಮ್ಮ ಮಲೆನಾಡಿನಿಂದ ಪೂರ್ವ ಲಂಡನ್ನಿನ ಇಲ್ಫರ್ಡಿನಲ್ಲಿರುವ ನಮ್ಮ ಮನೆಗೆ ಬಂದಿದ್ದರು. ನಾವೆಲ್ಲ ಕೆಲಸಕ್ಕೆ ಹೊರಟ ಮೇಲೆ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ತಂದ ಪುಸ್ತಕಗಳು ಎರಡೇ ವಾರದಲ್ಲಿ ಮುಗಿದವು. ಒಂದು ಸಂಜೆ ಲ್ಯಾಪ್‌ಟಾಪ್ ಮುಂದೆ ಕೂರಿಸಿ, ಕನ್ನಡ ಪುಸ್ತಕಗಳೂ ಇರುವ ದೊಡ್ಡ ಲೈಬ್ರರಿಯೊಂದರ ಕ್ಯಾಟಲಾಗ್ ತೆರೆದುಕೊಟ್ಟೆ. ಅವರು ಪೂರ್ಣಚಂದ್ರ ತೇಜಸ್ವಿ ಎಂದು ಇಂಗ್ಲಿಷ್ ಅಕ್ಷರದಲ್ಲಿ ಒಂದೊಂದೇ ಬೆರಳಲ್ಲಿ ಟೈಪ್ ಮಾಡಿದರು.

"ಇಲ್ವಂತೆ ಕಣೋ."

"ಇದೆ ಚಿಕ್ಕಮ್ಮ, ಸರಿಯಾಗಿ ಹುಡುಕಿ."

"ಸರಿಯಾಗಿ ಅಂದ್ರೆ ಹೆಂಗೆ? ಪೇಪರಲ್ಲಿ, ಪುಸ್ತಕದಲ್ಲಿ ಎಲ್ಲಾ ಹೀಗೇ ಬರೆಯೋದಲ್ವಾ?"

ಅವರು ಹೇಳಿದ್ದು ಸರಿ. ಪೂರ್ಣದ ದೀರ್ಘಕ್ಕೆ ನಾವು ಇಂಗ್ಲಿಷಿನ 'ಓ' ಅಕ್ಷರವನ್ನು ಎರಡು ಸಲ ಹಾಕುತ್ತೇವೆ. ಚಂದ್ರಕ್ಕೆ 'ಸಿ' ಆದಮೇಲೆ 'ಎಚ್' ಬರೆಯುತ್ತೇವೆ. ತೇಜಸ್ವಿಯ ಸ್ವಿಗೆ 'ಡಬ್ಲ್ಯೂ' ಬಳಸುತ್ತೇವೆ. ಆದರೆ ದೊಡ್ಡ ಲೈಬ್ರರಿಗಳು ಕನ್ನಡ ಹೆಸರುಗಳನ್ನು ಅಮೆರಿಕದ ಲೈಬ್ರರಿ ಸಂಘ ಮತ್ತು ಲೈಬ್ರರಿ ಆಫ್ ಕಾಂಗ್ರೆಸ್ ಸೇರಿ ಮಾಡಿದ ಲಿಪ್ಯಂತರ ನಿಯಮದಂತೆ ಬರೆಯುತ್ತವೆ. ಅದರಲ್ಲಿ ಊಕಾರಕ್ಕೆ ತಲೆಯ ಮೇಲೆ ಗೆರೆ ಎಳೆದ ಒಂದೇ 'ಯು', ಚಕಾರಕ್ಕೆ ಬರೀ 'ಸಿ', ವಕಾರಕ್ಕೆ 'ವಿ'. ಒಂದೇ ಹೆಸರಿನಲ್ಲಿ ಮೂರು ಕಡೆ ತಾಳೆ ತಪ್ಪಿತು. ಕಾರಂತರನ್ನು ಹುಡುಕಿದ್ದರೂ ಅದೇ ಕಥೆ: ನಾವು ಕೊನೆಗೆ 'ಟಿ-ಎಚ್' ಬರೆಯುವಲ್ಲಿ ಆ ನಿಯಮದ ಪ್ರಕಾರ 'ಎಚ್' ಇರುವುದೇ ಇಲ್ಲ.

ನಿಯಮ ತಪ್ಪೆಂದು ನಾನು ಹೇಳುವುದಿಲ್ಲ. ಒಂದೇ ಹೆಸರನ್ನು ಹತ್ತು ಜನ ಹತ್ತು ಥರ ಬರೆದರೆ ಕ್ಯಾಟಲಾಗ್ ಸಂತೆಯಾಗುತ್ತದೆ. ಚಿಕ್ಕಮ್ಮನೂ ತಪ್ಪು ಮಾಡಲಿಲ್ಲ. ಜನ ರೂಢಿಯಲ್ಲಿ ಬರೆಯುವ ರೂಪಗಳನ್ನೂ ಆ ದಾಖಲೆಗೆ ಅಡ್ಡಕೊಂಡಿಯಾಗಿ ಸೇರಿಸಿದ್ದರೆ ಇಬ್ಬರೂ ಗೆಲ್ಲುತ್ತಿದ್ದರು. ಹಾಗೆ ಸೇರಿಸಬೇಕೆಂದು ಕ್ಯಾಟಲಾಗ್ ಮಾಡುವವರಿಗೆ ಹೊಳೆಯಬೇಕಾದರೆ, ಚಿಕ್ಕಮ್ಮನಂಥವರು ಟೈಪ್ ಮಾಡುವಾಗ ಪಕ್ಕದಲ್ಲಿ ಕೂತು ಯಾರಾದರೂ ನೋಡಿರಬೇಕು. ಈ ಕೂತು ನೋಡುವ ಕೆಲಸಕ್ಕೇ ಈಗ ಯೂಸರ್ ಎಕ್ಸ್‌ಪೀರಿಯನ್ಸ್ ರಿಸರ್ಚ್, ಚುಟುಕಾಗಿ ಯುಎಕ್ಸ್, ಎಂಬ ಹೆಸರು. ಬಳಸುವವರ ಅನುಭವದ ಅಧ್ಯಯನ ಎಂದರೆ ಆಯಿತು.

ಹೆಸರು ಹೊಸದು, ವಿಚಾರ ನಮಗೆ ಹೊಸದಲ್ಲ. ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕು ಎನ್ನುತ್ತದೆ. ಗಣಿತದ ಮೇಷ್ಟ್ರಾಗಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಅದೇ ವರ್ಷ ತರಬೇತಿಗೆಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಬಂದರು. ಕ್ರಾಯ್ಡನ್ನಿನ ಮುಖ್ಯ ಗ್ರಂಥಪಾಲಕ ಬೆರ್ವಿಕ್ ಸೇಯರ್ಸ್ ಅವರ ಗುರು. ಸೆಲ್‌ಫ್ರಿಜಸ್ ಅಂಗಡಿಯಲ್ಲಿ ಮೆಕ್ಯಾನೊ ಆಟಿಕೆಯನ್ನು ಕಂಡು, ವಿಷಯದ ಬಿಡಿಭಾಗಗಳನ್ನು ಬೇಕಾದಂತೆ ಜೋಡಿಸಿ ಪುಸ್ತಕ ವಿಂಗಡಿಸುವ ಕೋಲನ್ ವರ್ಗೀಕರಣದ ಯೋಚನೆ ಅವರಿಗೆ ಹೊಳೆದದ್ದು ಲೈಬ್ರರಿಯವರ ನಡುವೆ ಪ್ರಸಿದ್ಧ ಕಥೆ. ಮುಂದೆ ಅವರು ನೆಲೆಸಿದ್ದು ಬೆಂಗಳೂರಿನಲ್ಲಿ. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಅಲ್ಲಿ ದಸ್ತಾವೇಜು ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿ, 1972ರಲ್ಲಿ ಅಲ್ಲೇ ತೀರಿಕೊಂಡರು. ನಾಲ್ಕನೆಯ ಸೂತ್ರವನ್ನು ಗೋಡೆಗೆ ತೂಗುಹಾಕಿದ ಲೈಬ್ರರಿಗಳನ್ನು ನಾನು ಕಂಡಿದ್ದೇನೆ. ಓದುಗರ ಸಮಯ ಎಲ್ಲಿ ಪೋಲಾಗುತ್ತಿದೆ ಎಂದು ಗಡಿಯಾರ ಹಿಡಿದು ನೋಡಿದವರನ್ನು ಕಂಡದ್ದು ಕಡಿಮೆ.

ಕೇಳಿದರೆ 'ವೆರಿ ಗುಡ್'

ಇಲ್ಫರ್ಡ್ ಇರುವ ರೆಡ್‌ಬ್ರಿಜ್ ಬರೋದಲ್ಲಿ (ಲಂಡನ್ನಿನ ಸ್ಥಳೀಯ ಆಡಳಿತ ವಿಭಾಗ) 2021ರ ಜನಗಣತಿಯ ಪ್ರಕಾರ 3 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಸುಮಾರು ಅರ್ಧದಷ್ಟು ಜನ ಏಷ್ಯಾ ಮೂಲದವರು. ಸ್ಟೇಷನ್ನಿನಿಂದ ಹೈ ರೋಡ್ ದಾಟಿದರೆ ಕ್ಲೆಮೆಂಟ್ಸ್ ರೋಡಿನಲ್ಲಿ ರೆಡ್‌ಬ್ರಿಜ್ ಸೆಂಟ್ರಲ್ ಲೈಬ್ರರಿ ಸಿಗುತ್ತದೆ. ಬರೋದ ಮ್ಯೂಸಿಯಂ ಕೂಡ ಅದೇ ಕಟ್ಟಡದಲ್ಲಿದೆ. ಇಂಗ್ಲೆಂಡ್ ಮತ್ತು ವೇಲ್ಸಿನ 1964ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಸಮಗ್ರ, ದಕ್ಷ ಲೈಬ್ರರಿ ಸೇವೆ ಕೊಡುವುದು ಸ್ಥಳೀಯ ಆಡಳಿತದ ಕರ್ತವ್ಯ. ನಮ್ಮ ಕರ್ನಾಟಕದ ಗ್ರಂಥಾಲಯ ಕಾಯ್ದೆ ಅದರ ಮರುವರ್ಷದ್ದು, 1965. ದಕ್ಷ ಎಂದರೇನು ಎಂಬುದು ಕಾಯ್ದೆ ಓದಿದರೆ ತಿಳಿಯುವುದಿಲ್ಲ. ಬಾಗಿಲಲ್ಲಿ ನಿಂತರೆ ತಿಳಿಯುತ್ತದೆ.

ಸಾಮಾನ್ಯವಾಗಿ ಲೈಬ್ರರಿಗಳು ಒಂದು ಫಾರಂ ಹಂಚುತ್ತವೆ: ನಮ್ಮ ಸೇವೆ ಹೇಗಿದೆ, ಒಂದರಿಂದ ಐದರೊಳಗೆ ಅಂಕ ಕೊಡಿ. ನಮ್ಮ ಕಡೆಯವರಿಗೆ ಇದಕ್ಕೆ ಒಂದೇ ಉತ್ತರ ಗೊತ್ತಿರುವುದು. ಬಿಟ್ಟಿಯಾಗಿ ಪುಸ್ತಕ ಕೊಡುತ್ತಾರೆ, ಚಳಿಯಲ್ಲಿ ಬೆಚ್ಚಗೆ ಕೂರಲು ಬಿಡುತ್ತಾರೆ, ಅವರ ಮುಖಕ್ಕೆ ಹೇಗೆ ಮೂರು ಅಂಕ ಕೊಡುವುದು? "ವೆರಿ ಗುಡ್, ವೆರಿ ಗುಡ್" ಎಂದು ಐದಕ್ಕೆ ಸುತ್ತು ಹಾಕಿ ಬರುತ್ತೇವೆ. ಪಂಜಾಬಿ ಅಜ್ಜ, ಬಂಗಾಳಿ ಅಮ್ಮ, ನಮ್ಮ ಚಿಕ್ಕಮ್ಮ, ಎಲ್ಲರದೂ ಅದೇ ಮರ್ಯಾದೆ. ಫಾರಮ್ಮಿನ ಲೆಕ್ಕ ಚೆನ್ನಾಗಿ ಕಾಣುತ್ತದೆ, ಪ್ರಿಂಟರ್ ಮುಂದಿನ ಪರದಾಟ ಹಾಗೇ ಉಳಿಯುತ್ತದೆ.

ಆದ್ದರಿಂದ ಯುಎಕ್ಸ್ ಅಧ್ಯಯನದಲ್ಲಿ ಅಭಿಪ್ರಾಯ ಕೇಳುವುದಿಲ್ಲ, ನಡೆದದ್ದನ್ನು ಕೇಳುತ್ತಾರೆ. "ಲೈಬ್ರರಿ ಹೇಗಿದೆ?" ಎಂಬುದರ ಬದಲು "ಕಳೆದ ಸಲ ಬಂದಾಗ ಏನು ಮಾಡಿದಿರಿ? ಬಾಗಿಲಿಂದ ಶುರುಮಾಡಿ ಹೇಳಿ." ಆಗ ಮಾತು ಹೊರಡುತ್ತದೆ. ಫೋನಲ್ಲಿದ್ದ ಫಾರಂ ಪ್ರಿಂಟ್ ಮಾಡಿಸಲು ಬಂದದ್ದು, ಪಾಸ್‌ವರ್ಡ್ ಕೇಳಿದ್ದು, ಮಗನಿಗೆ ಫೋನ್ ಮಾಡಿದ್ದು, ಅವನು ಮೀಟಿಂಗಿನಲ್ಲಿದ್ದದ್ದು, ಕೊನೆಗೆ ಪಕ್ಕದ ಅಂಗಡಿಯಲ್ಲಿ ದುಡ್ಡು ಕೊಟ್ಟು ಪ್ರಿಂಟ್ ತೆಗೆಸಿದ್ದು. ಅಷ್ಟೆಲ್ಲ ಆದವರೂ ಫಾರಮ್ಮಿನಲ್ಲಿ ಐದೇ ಅಂಕ ಕೊಟ್ಟಿರುತ್ತಾರೆ.

ಒಂದು ಗಂಟೆ, ಒಂದು ಪೆನ್ಸಿಲ್

ಎಲ್ಲಕ್ಕಿಂತ ಅಗ್ಗದ ವಿಧಾನ ಸುಮ್ಮನೆ ನೋಡುವುದು. ಲೈಬ್ರರಿಯ ನೆಲದ ನಕ್ಷೆಯನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಎಲ್ಲಾ ಕಾಣುವ ಮೂಲೆಯಲ್ಲಿ ಒಂದು ಗಂಟೆ ಕೂತು, ಒಳಬಂದವರು ನಡೆದ ದಾರಿಗೆ ಗೆರೆ, ನಿಂತ ಜಾಗಕ್ಕೆ ಚುಕ್ಕಿ, ಯಾರನ್ನಾದರೂ ಕೇಳಿದ ಜಾಗಕ್ಕೆ ಪ್ರಶ್ನೆಚಿಹ್ನೆ ಹಾಕಿ. ವಾರದ ದಿನ ಬೆಳಿಗ್ಗೆ ಒಮ್ಮೆ, ಸ್ಕೂಲು ಬಿಟ್ಟ ಮೇಲೆ ಒಮ್ಮೆ, ಶನಿವಾರ ಒಮ್ಮೆ. ಮೂರು ಹಾಳೆ ಪಕ್ಕಪಕ್ಕ ಇಟ್ಟರೆ ಒಂದೇ ಕಟ್ಟಡದಲ್ಲಿ ಮೂರು ಲೈಬ್ರರಿ ಕಾಣುತ್ತವೆ.

ಪೂರ್ವ ಲಂಡನ್ನಿನ ಒಂದು ಲೈಬ್ರರಿಯಲ್ಲಿ (ಹೆಸರು ಬೇಡ, ಎಲ್ಲಿ ನೋಡಿದರೂ ಹೀಗೇ) ನಾನೂ ಹಾಗೆ ಕೂತಿದ್ದೆ. ನನ್ನ ಹಾಳೆಯಲ್ಲಿ ಪ್ರಶ್ನೆಚಿಹ್ನೆಗಳು ದಟ್ಟವಾಗಿ ಬಿದ್ದದ್ದು ವಿಚಾರಣೆಯ ಕೌಂಟರಿನ ಮುಂದೆ ಅಲ್ಲ, ಬಾಗಿಲಲ್ಲಿ ನಿಂತಿದ್ದ ಸೆಕ್ಯುರಿಟಿಯವನ ಸುತ್ತ. ಟಾಯ್ಲೆಟ್ ಎಲ್ಲಿ, ಪ್ರಿಂಟ್ ಎಲ್ಲಿ, ಮಕ್ಕಳ ಪುಸ್ತಕ ಯಾವ ಮಹಡಿ, ಎಲ್ಲವೂ ಅವನಿಗೇ. ಕೌಂಟರಿನಲ್ಲಿದ್ದ ಇಬ್ಬರು ಕಂಪ್ಯೂಟರ್ ನೋಡುತ್ತಾ ಕೂತಿದ್ದರು. ಅವರಿಗೆ ಬೇಸರವಿತ್ತು ಎಂದಲ್ಲ, ತಲೆ ಬಗ್ಗಿಸಿ ಕೂತವರನ್ನು ಮಾತಾಡಿಸಲು ಜನರಿಗೆ ಸಂಕೋಚ. ಸೆಕ್ಯುರಿಟಿಯವನು ಎದ್ದು ನಿಂತಿರುತ್ತಾನೆ, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನೆ. ಅವನ ತಲೆಯ ಮೇಲೇ ದೊಡ್ಡ ಫಲಕ ತೂಗುತ್ತಿತ್ತು. ಆ ಒಂದು ಗಂಟೆಯಲ್ಲಿ ಕತ್ತೆತ್ತಿ ಅದನ್ನು ಓದಿದವರು ಯಾರೂ ಇಲ್ಲ.

ಪುಸ್ತಕ ಪಡೆಯುವ ಯಂತ್ರದ ಮುಂದೆ ಇನ್ನೊಂದು ಆಟ. ಪುಸ್ತಕದೊಳಗೆ ರೇಡಿಯೊ ಚಿಪ್ ಇರುವ ಕಡೆ ಐದಾರು ಪುಸ್ತಕವನ್ನು ಒಟ್ಟಿಗೆ ಇಟ್ಟರೆ ಯಂತ್ರ ಒಂದೇ ಸಲಕ್ಕೆ ಎಲ್ಲವನ್ನೂ ಓದಿಕೊಳ್ಳುತ್ತದೆ. ಒಬ್ಬ ಅಮ್ಮ ಮಾತ್ರ ಸೂಪರ್‌ಮಾರ್ಕೆಟ್ಟಿನಲ್ಲಿ ಹಾಲಿನ ಬಾಟಲಿ ತಿರುಗಿಸುವ ಹಾಗೆ ಪ್ರತಿ ಪುಸ್ತಕವನ್ನೂ ತಿರುಗಿಸಿ ಬಾರ್‌ಕೋಡ್ ಹುಡುಕುತ್ತಿದ್ದಳು. ಟೆಸ್ಕೊ ಕಲಿಸಿದ ಪಾಠವನ್ನು ಲೈಬ್ರರಿ ಮರೆಸಬೇಕಾಗಿತ್ತು, ಮರೆಸಲು ಏನೂ ಬರೆದಿರಲಿಲ್ಲ.

ನೋಡುವುದರಿಂದ ಏನಾಗುತ್ತದೆ ಎಂಬುದು ತಿಳಿಯುತ್ತದೆ, ಯಾಕೆ ಎಂಬುದು ತಿಳಿಯುವುದಿಲ್ಲ. ಅದಕ್ಕೆ ಜೊತೆಗೆ ನಡೆಯಬೇಕು. ಒಬ್ಬರಿಗೆ ಸಣ್ಣ ಕೆಲಸ ಕೊಟ್ಟು, "ಮನಸ್ಸಲ್ಲಿ ಬಂದದ್ದನ್ನು ಬಾಯಲ್ಲಿ ಹೇಳ್ತಾ ಹೋಗಿ" ಎಂದು ಹಿಂದೆ ಹಿಂದೆ ಹೋಗುವುದು. ಇಲ್ಲಿ ಕಷ್ಟವಾಗುವುದು ಲೈಬ್ರರಿಯವರಿಗೇ. ಕೆಲಸ ಮಾಡುತ್ತಿರುವವರು ಎಡವಿದಾಗ ಕೈ ಹಿಡಿಯಬಾರದು, ದಾರಿ ತೋರಿಸಬಾರದು. ಬಾಯಿ ಮುಚ್ಚಿಕೊಂಡಿರುವುದು ಜೀವಮಾನವಿಡೀ ಸಹಾಯ ಮಾಡಿದವರಿಗೆ ಸುಲಭವಲ್ಲ. ಎಷ್ಟು ಜನರ ಜೊತೆ ನಡೆದರೆ ಸಾಕು? ಈ ಕ್ಷೇತ್ರದ ಹಿರಿಯ ಯಾಕೋಬ್ ನೀಲ್ಸನ್ 2000ದಲ್ಲಿ ಐದು ಜನ ಸಾಕು ಎಂದು ಬರೆದರು. ಆರನೆಯವರು ಎಡವುವುದು ಬಹುಮಟ್ಟಿಗೆ ಮೊದಲ ಐವರು ಎಡವಿದಲ್ಲೇ ಎಂಬುದು ಅವರ ವಾದ. ಆದರೆ ಆ ಐವರು ಒಂದೇ ಬಗೆಯವರಾಗಿರಬೇಕು. ಇಲ್ಫರ್ಡಿನಂಥ ಊರಲ್ಲಿ ಪರೀಕ್ಷೆಗೆ ಓದುವ ಹುಡುಗರು ಒಂದು ಬಗೆ, ಕೈಗೂಸು ಎತ್ತಿಕೊಂಡ ತಾಯಂದಿರು ಇನ್ನೊಂದು, ಇಂಗ್ಲಿಷ್ ಬಾರದ ಹಿರಿಯರು ಮತ್ತೊಂದು. ಪ್ರತಿ ಬಗೆಯಿಂದಲೂ ಕೆಲವರು ಬೇಕು.

ಲೈಬ್ರರಿ ಬಳಸುವ ಮಾತುಗಳನ್ನೂ ಹೀಗೇ ಪರೀಕ್ಷಿಸಬೇಕು. ಇಲ್ಲಿಯ ಲೈಬ್ರರಿಗಳು ಪುಸ್ತಕ ಹೊರಗೆ ಹೋಗಿದ್ದರೆ 'ಆನ್ ಲೋನ್' ಎನ್ನುತ್ತವೆ. ಊರಿಂದ ಬಂದವರಿಗೆ ಲೋನ್ ಎಂದರೆ ಬ್ಯಾಂಕಿನ ಸಾಲ. ಒಂದೊಂದು ಪದವನ್ನೂ ಒಂದೊಂದು ಚೀಟಿಯಲ್ಲಿ ಬರೆದು ಕೈಗೆ ಕೊಟ್ಟು, ಜೊತೆಗೆ ಹೋಗುವಂಥವನ್ನು ಗುಂಪು ಮಾಡಿ ನಿಮಗೆ ತಿಳಿಯುವ ಹೆಸರಿಡಿ ಎಂದರೆ ಜನರೇ ವೆಬ್‌ಸೈಟಿನ ಮೆನು ಬರೆದುಕೊಡುತ್ತಾರೆ.

ಕ್ಯಾಮೆರಾ ಕೊಡುವುದೂ ಒಂದು ದಾರಿ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 2004ರಿಂದ ನ್ಯಾನ್ಸಿ ಫ್ರೈಡ್ ಫಾಸ್ಟರ್ ಎಂಬ ಮಾನವಶಾಸ್ತ್ರಜ್ಞೆ ಗ್ರಂಥಪಾಲಕರ ಜೊತೆ ಸೇರಿ ವಿದ್ಯಾರ್ಥಿಗಳ ಕೈಗೆ ಕ್ಯಾಮೆರಾ ಕೊಟ್ಟು, ಓದುವ ಜಾಗ, ಚೀಲದಲ್ಲಿ ಒಯ್ಯುವ ವಸ್ತು ಇಂಥವನ್ನೆಲ್ಲ ಫೋಟೊ ತೆಗೆಸಿದರು. ಆ ಅಧ್ಯಯನದಿಂದ ತಿಳಿದದ್ದು ಇದು: ಹುಡುಗರ ಓದು ನಡೆಯುವುದು ಲೈಬ್ರರಿ ಸಿಬ್ಬಂದಿ ಮನೆಗೆ ಹೋದ ಮೇಲೆ, ರಾತ್ರಿ. ಪ್ರಬಂಧಕ್ಕೆ ಸಹಾಯ ಬೇಕಾದರೆ ಅವರು ಫೋನ್ ಮಾಡುವುದು ಗ್ರಂಥಪಾಲಕರಿಗಲ್ಲ, ಅಪ್ಪ ಅಮ್ಮನಿಗೆ. ಇದು ತಿಳಿದ ಲೈಬ್ರರಿ, ಹೊಸ ವಿದ್ಯಾರ್ಥಿಗಳು ಬರುವ ಹೊತ್ತಿಗೆ ಅವರ ತಂದೆತಾಯಿಗಳನ್ನು ಕರೆದು ತಿಂಡಿ ಕೊಟ್ಟು ಪರಿಚಯ ಮಾಡಿಕೊಂಡಿತು! ನನಗೆ ಇದು ಅಪ್ಪಟ ನಮ್ಮೂರ ಉಪಾಯದಂತೆ ಕಾಣುತ್ತದೆ. ಅಂದಹಾಗೆ, ಕ್ಯಾಮೆರಾದ ವಿಧಾನಕ್ಕೆ ಇಲ್ಫರ್ಡಿಗಿಂತ ತಕ್ಕ ಊರಿಲ್ಲ. ಕಪ್ಪು-ಬಿಳುಪು ಫೋಟೊ ತೊಳೆದವರೆಲ್ಲರಿಗೂ ಗೊತ್ತಿರುವ ಇಲ್ಫರ್ಡ್ ಕಂಪನಿಯನ್ನು ಆಲ್ಫ್ರೆಡ್ ಹಾರ್ಮನ್ 1879ರಲ್ಲಿ ಶುರುಮಾಡಿದ್ದು ಇಲ್ಲಿಯ ಮನೆಯೊಂದರಲ್ಲಿ.

ಇನ್ನೊಂದು ವಿಧಾನ ಲೈಬ್ರರಿಗೆ ಪ್ರೇಮಪತ್ರ ಅಥವಾ ಸಂಬಂಧ ಮುರಿಯುವ ಪತ್ರ ಬರೆಸುವುದು. ಇಲ್ಲಿಯ ಕಾಲೇಜು ಹುಡುಗರು ಖುಷಿಯಿಂದ ಬರೆಯುತ್ತಾರೆ. ನಮ್ಮ ಹಿರಿಯರ ಕೈಗೆ ಇದನ್ನು ಕೊಟ್ಟರೆ ನಾಚಿಕೆಯಿಂದ ಎದ್ದು ಹೋದಾರು. ಊರಲ್ಲಿರುವ ಅಕ್ಕನಿಗೆ ಈ ಲೈಬ್ರರಿಯ ಬಗ್ಗೆ ಒಂದು ಕಾಗದ ಬರೆಯಿರಿ ಎಂದರೆ ಕೆಲಸ ಆಗುತ್ತದೆ.

ಬಾರದವರನ್ನು ಕೇಳಿದ ಕಥೆ

ಮೇಲೆ ಹೇಳಿದ್ದೆಲ್ಲ ಒಳಗೆ ಬಂದವರ ಮಾತಾಯಿತು. ಬಾರದವರ ಗತಿ? ಅದರ ಉತ್ತರ ನೋಡಬೇಕಾದರೆ ಇಲ್ಫರ್ಡಿನಲ್ಲಿ ಎಲಿಜಬೆತ್ ಲೈನ್ ಹತ್ತಿ, ಸ್ಟ್ರಾಟ್‌ಫರ್ಡ್ ದಾಟಿ ವೈಟ್‌ಚಾಪೆಲ್‌ನಲ್ಲಿ ಇಳಿಯಬೇಕು. ಅದು ಟವರ್ ಹ್ಯಾಮ್ಲೆಟ್ಸ್ ಬರೋ. 1990ರ ದಶಕದ ಕೊನೆಗೆ ಅಲ್ಲಿಯ ಲೈಬ್ರರಿಗಳು ಸೊರಗಿದ್ದವು, ಊರಿನ ಐವರಲ್ಲಿ ಒಬ್ಬರೂ ಸರಿಯಾಗಿ ಬಳಸುತ್ತಿರಲಿಲ್ಲ. ಸಾಮಾನ್ಯವಾಗಿ ಇಂಥ ಕಡೆ ಜನರಿಗೆ ಓದುವ ಆಸಕ್ತಿ ಇಲ್ಲ ಎಂದು ಬರೆದು ಫೈಲ್ ಮುಚ್ಚುತ್ತಾರೆ. ಅಲ್ಲಿಯವರು ಮುಚ್ಚಲಿಲ್ಲ, ಬಾರದ ಜನರನ್ನೂ ಹುಡುಕಿ ಕೇಳಿದರು. ಲೈಬ್ರರಿ ಬೇಡ ಎಂದು ಜನ ಹೇಳಲಿಲ್ಲ. ತರಕಾರಿ ತರುವ ದಾರಿಯಲ್ಲಿರಲಿ, ಭಾನುವಾರವೂ ತೆಗೆದಿರಲಿ, ಏನಾದರೂ ಕಲಿಯಲು ತರಗತಿ ಇರಲಿ ಎಂದರು.

ಆ ಉತ್ತರಗಳನ್ನಿಟ್ಟುಕೊಂಡು ಮಾಡಿದ 1999ರ ಯೋಜನೆಯಿಂದ ಹುಟ್ಟಿದ್ದು ಐಡಿಯಾ ಸ್ಟೋರ್, ಲೈಬ್ರರಿಯೂ ತರಗತಿಯೂ ಒಂದೇ ಸೂರಿನಡಿ. ಮೊದಲನೆಯದು 2002ರಲ್ಲಿ ಬೋ ಎಂಬ ಕಡೆ, ರೋಮನ್ ರೋಡ್ ಬಳಿ, ಸಂತೆ ನಡೆಯುವ ಬೀದಿಗೆ ಅಂಟಿಕೊಂಡು. 2005ರಲ್ಲಿ ವೈಟ್‌ಚಾಪೆಲ್‌ನದು, ಡೇವಿಡ್ ಅಜಾಯೆ ವಿನ್ಯಾಸ ಮಾಡಿದ ಹಸಿರು-ನೀಲಿ ಗಾಜಿನ ಕಟ್ಟಡ, ಮರುವರ್ಷ ವಾಸ್ತುಶಿಲ್ಪದ ಸ್ಟರ್ಲಿಂಗ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಹೋಯಿತು. ಎದುರಿಗೇ ಬೀದಿ ಮಾರುಕಟ್ಟೆ, ಪಕ್ಕದಲ್ಲಿ ಸೇನ್ಸ್‌ಬರೀಸ್ ಸೂಪರ್‌ಮಾರ್ಕೆಟ್. ಬೆಂಡೆಕಾಯಿ, ಮೀನು ತುಂಬಿದ ಚೀಲ ಹಿಡಿದೇ ಜನ ಒಳಗೆ ಬರುತ್ತಾರೆ.

ನನಗೆ ಈ ಕಥೆ ಪೂರ್ತಿ ಸಿಹಿ ಎನಿಸುವುದಿಲ್ಲ. ವೈಟ್‌ಚಾಪೆಲ್‌ನ ಐಡಿಯಾ ಸ್ಟೋರ್ ತೆರೆದ ವರ್ಷವೇ, ಅದಕ್ಕೆ ತುಸು ದೂರದಲ್ಲಿ 1892ರಿಂದ ಇದ್ದ ಹಳೆಯ ವೈಟ್‌ಚಾಪೆಲ್ ಲೈಬ್ರರಿ ಮುಚ್ಚಿತು. ಬಡ ಯಹೂದಿ ವಲಸಿಗರ ಮಕ್ಕಳು ಅಲ್ಲಿ ಓದಿ ಬರಹಗಾರರಾಗಿದ್ದರು, ಜನ ಅದನ್ನು ಕೇರಿಯ ವಿಶ್ವವಿದ್ಯಾಲಯ ಎಂದೇ ಕರೆಯುತ್ತಿದ್ದರು. ಆ ಕಟ್ಟಡ ಈಗ ಪಕ್ಕದ ಕಲಾ ಗ್ಯಾಲರಿಯ ಭಾಗ. ಲೈಬ್ರರಿ ಎಂಬ ಹೆಸರನ್ನೇ ಬಿಟ್ಟು ಅಂಗಡಿಯ ಹೆಸರಿಟ್ಟದ್ದಕ್ಕೂ ಹಲವರು ಸಿಡಿಮಿಡಿಗೊಂಡರು. ಎಲ್ಲಿರಬೇಕು, ಎಷ್ಟು ಹೊತ್ತು ತೆಗೆದಿರಬೇಕು ಎಂಬುದನ್ನು ಜನ ಹೇಳಬಲ್ಲರು. ಯಾವುದನ್ನು ಕಳೆದುಕೊಂಡರೆ ಕರುಳು ಚುರ್ರೆನ್ನುತ್ತದೆ ಎಂಬುದು ಪ್ರಶ್ನಾವಳಿಗೆ ಸಿಗುವುದಿಲ್ಲ.

ಇನ್ನೊಂದು ಎಚ್ಚರ, ನೋಡುವವರ ಬಗ್ಗೆಯೇ. 2024ರ ಕೊನೆಗೆ ಬ್ರಿಟನ್ನಿನ ಪ್ಲಾಸ್ಟಿಕ್ ವೀಸಾ ಕಾರ್ಡುಗಳು ಅವಧಿ ಮುಗಿದು ಇ-ವೀಸಾ ಬಂತು. ಎಷ್ಟೋ ಜನರಿಗೆ ಆನ್‌ಲೈನ್ ಖಾತೆ ತೆರೆಯುವ ತಲೆನೋವು ಶುರುವಾಯಿತು. ಇಂಥ ಕೆಲಸಕ್ಕೆ ಲೈಬ್ರರಿಯ ಕಂಪ್ಯೂಟರಿಗೆ ಬಂದವರ ಹಿಂದೆ ಹಲಗೆ, ಪೆನ್ಸಿಲ್ ಹಿಡಿದು ನಿಂತರೆ, ವಲಸೆಯ ವಿಷಯ ನೋಡುವ ಹೋಮ್ ಆಫೀಸಿನವರೇನೋ ಎಂದು ಅವರು ಮತ್ತೆ ಆ ಕಡೆ ತಲೆ ಹಾಕಲಿಕ್ಕಿಲ್ಲ. ಆದ್ದರಿಂದ ಬಾಗಿಲಲ್ಲೇ ಫಲಕ ಹಾಕಬೇಕು: ಇಂದು ಜನ ಓಡಾಡುವ ದಾರಿಯನ್ನು ಗುರುತು ಮಾಡುತ್ತಿದ್ದೇವೆ, ಹೆಸರು, ಮುಖ ಏನೂ ಬರೆದುಕೊಳ್ಳುವುದಿಲ್ಲ. ಮಾತಾಡಿಸುವ ಮುಂಚೆ ಒಪ್ಪಿಗೆ, ಮಕ್ಕಳಾದರೆ ತಂದೆತಾಯಿಯ ಒಪ್ಪಿಗೆ. ಪರದೆಯ ಮೇಲೆ ಏನಿದೆ ಎಂದು ನೋಡಲೇಬಾರದು.

ಕಂಡದ್ದನ್ನೆಲ್ಲ ಆಮೇಲೆ ಏನು ಮಾಡುವುದು? ಒಂದು ಚೀಟಿಗೆ ಒಂದೇ ಸಂಗತಿಯಂತೆ ಬರೆದು ಗೋಡೆಗೆ ಅಂಟಿಸಿ, ಒಂದೇ ಜಾತಿಯವನ್ನು ಹತ್ತಿರ ಹತ್ತಿರ ಸರಿಸುತ್ತಾ ಹೋಗುವುದು. ಈ ಕೆಲಸಕ್ಕೆ ಕಸ ಗುಡಿಸುವವರನ್ನೂ ಸೆಕ್ಯುರಿಟಿಯವನನ್ನೂ ಕರೆಯದಿದ್ದರೆ ಅರ್ಧ ನಷ್ಟ, ಜನರ ಗೋಳು ಹೆಚ್ಚು ಕೇಳಿರುವವರು ಅವರೇ. ನಂತರ ಮೊದಲ ಗುಂಪಿಗೆ ಒಂದು ಅಗ್ಗದ ಮದ್ದು. ಹೊಸ ಫಲಕಕ್ಕೆ ಟೆಂಡರ್ ಕರೆಯಬೇಡಿ. ಬಿಳಿ ಹಾಳೆಯಲ್ಲಿ ದಪ್ಪ ಪೆನ್ನಿನಿಂದ "ಪುಸ್ತಕಗಳನ್ನು ಒಟ್ಟಿಗೇ ಇಡಿ" ಎಂದು ಬರೆದು ಯಂತ್ರದ ಮೇಲೆ, ಕೈ ಹೋಗುವ ಜಾಗದಲ್ಲಿ ಅಂಟಿಸಿ. ಮುಂದಿನ ಶನಿವಾರ ಅದೇ ಮೂಲೆಯಲ್ಲಿ ಅದೇ ಗಂಟೆ ಕೂತು ಎಷ್ಟು ಜನ ಬಾರ್‌ಕೋಡ್ ಹುಡುಕಿದರು ಎಂದು ಎಣಿಸಿ. ಕಡಿಮೆಯಾಗಿದ್ದರೆ ಪಕ್ಕಾ ಫಲಕ ಮಾಡಿಸಿ, ಇಲ್ಲವಾದರೆ ಹಾಳೆ ಕಿತ್ತು ಇನ್ನೊಂದು ಬರೆಯಿರಿ.

ಚಿಕ್ಕಮ್ಮ ಹೊರಡುವ ಹಿಂದಿನ ದಿನ ಅವರ ಮೇಲೆ ಒಂದು ಕೊನೆಯ ಪ್ರಯೋಗ ಮಾಡಿದೆ. ನೆನಪಿನಿಂದ ಲೈಬ್ರರಿಯ ನಕ್ಷೆ ಬರೆಯಬೇಕು, ಆರು ನಿಮಿಷ, ಎರಡೆರಡು ನಿಮಿಷಕ್ಕೆ ಪೆನ್ನಿನ ಬಣ್ಣ ಬದಲು. ಮೊದಲ ಬಣ್ಣದಲ್ಲಿ ಬಂದದ್ದು ಮನಸ್ಸಿಗೆ ಹತ್ತಿರದ್ದು, ಕೊನೆಯದರಲ್ಲಿ ಬಂದದ್ದು ತಿಣುಕಿ ನೆನಪಿಸಿಕೊಂಡದ್ದು. ಮಧ್ಯಾಹ್ನದ ಹೊತ್ತು ಪೇಪರ್, ಚಿತ್ರದ ಪುಸ್ತಕ ತಿರುವಿ ಹಾಕಲು ಅವರು ಹೋಗುತ್ತಿದ್ದ ಲೈಬ್ರರಿಯನ್ನು ಅಡುಗೆಮನೆಯ ಮೇಜಿನ ಮೇಲೆ ಬರೆದರು. ನೀಲಿಯಲ್ಲಿ ಬಾಗಿಲು, ಕಿಟಕಿ ಪಕ್ಕದ ಕುರ್ಚಿ, ಟಾಯ್ಲೆಟ್, ಮತ್ತೆ ಆ ಕುರ್ಚಿಯ ಎದುರು ದಿನಾ ಬಂದು ಕೂರುತ್ತಿದ್ದ ಗುಜರಾತಿ ಹೆಂಗಸು. ಹಸಿರಲ್ಲಿ ಪೇಪರಿನ ಸ್ಟ್ಯಾಂಡ್, ಮಕ್ಕಳ ಮೂಲೆ. ಕಪ್ಪಿನಲ್ಲಿ ಲಿಫ್ಟು. ಪುಸ್ತಕದ ಕಪಾಟು ಒಂದೂ ಇರಲಿಲ್ಲ.

"ಪುಸ್ತಕ ಎಲ್ಲಿ ಚಿಕ್ಕಮ್ಮ?"

"ಅಯ್ಯೋ, ಮರೆತೆ ನೋಡು" ಎಂದು ಪೆನ್ನು ಎತ್ತಿಕೊಂಡರು. ಆರು ನಿಮಿಷ ಮುಗಿದಿತ್ತು. ಅವರು ಬಿಡಲಿಲ್ಲ, ಕೆಳಗೆ ಒಂದು ಚೌಕ ಎಳೆದು ಒಳಗೆ 'ಇಂಗ್ಲಿಷ್' ಎಂದು ಕನ್ನಡದಲ್ಲಿ ಬರೆದರು.